ಲೋಕಲ್ ನಿಲ್ದಾಣಗಳಲ್ಲಿ ಕಾನೂನಿನ ಪಾಠ: ನೆನಪಿನ ತಂತ್ರಗಳು ಪರೀಕ್ಷೆಗೆ ನಿಜವಾಗಿ ಒದಗುತ್ತವೆಯೇ?

ಪ್ರಶ್ನೆ – ಡೊಂಬಿವಲಿಯಿಂದ

ಎಲ್ಲರಿಗೂ ನಮಸ್ಕಾರ. ನನಗೆ 41 ವರ್ಷ. ಮುಂಬಯಿ ಬಳಿಯ ಡೊಂಬಿವಲಿಯಲ್ಲಿ ಮನೆ, ಮುಂಬಯಿಯ ಫೋರ್ಟ್ ಭಾಗದ ಒಂದು ಖಾಸಗಿ ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಮಗ ಕಾಲೇಜಿಗೆ ಸೇರಿದ ಮೇಲೆ, ಬಹಳ ವರ್ಷಗಳಿಂದ ಮನಸ್ಸಿನಲ್ಲಿದ್ದ ಮೂರು ವರ್ಷದ ಕಾನೂನು ಪದವಿಗೆ ನಾನೂ ಸೇರಿಕೊಂಡೆ. ಇನ್ನು ಐದು ವಾರಗಳಲ್ಲಿ ಸಂವಿಧಾನ ಮತ್ತು ಅಪರಾಧ ಕಾನೂನಿನ ಪರೀಕ್ಷೆಗಳಿವೆ.

ನನ್ನ ಓದು ಹೆಚ್ಚಾಗಿ ನಡೆಯುವುದು ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ. ಬೆಳಗ್ಗೆ ಕೂರಲು ಸ್ಥಳ ಸಿಗಲೆಂದು ಡೊಂಬಿವಲಿಯಿಂದಲೇ ಹೊರಡುವ ಸ್ಲೋ ಲೋಕಲ್ ಹಿಡಿಯುತ್ತೇನೆ. ಒಂದು ಗಂಟೆಗೂ ಹೆಚ್ಚಿನ ಆ ಪ್ರಯಾಣದಲ್ಲಿ ಪುಸ್ತಕವನ್ನು ಮೂರು ಮೂರು ಸಲ ಓದಿ, ಮುಖ್ಯವಾದ ಸಾಲುಗಳಿಗೆಲ್ಲ ಹಳದಿ ಬಣ್ಣ ಬಳಿದಿದ್ದೇನೆ. ಓದುವಾಗ ಎಲ್ಲವೂ ತಿಳಿದಂತೆಯೇ ಇರುತ್ತದೆ. ಆದರೆ ಕಳೆದ ತಿಂಗಳ ಕಿರುಪರೀಕ್ಷೆಯಲ್ಲಿ ಮೂಲಭೂತ ಕರ್ತವ್ಯಗಳು 11 ಎಂದು ಮೊದಲ ಸಾಲಿನಲ್ಲೇ ಬರೆದವಳಿಗೆ ಏಳನೆಯದನ್ನು ಬರೆಯುವಷ್ಟರಲ್ಲಿ ಪೆನ್ನು ನಿಂತುಹೋಯಿತು. ಕೊಲೆಯ ಶಿಕ್ಷೆಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ ಯಾವುದು ಎಂದು ಕೇಳಿದ್ದಕ್ಕೆ, ಹಳೆಯ ದಂಡ ಸಂಹಿತೆಯ 302ನ್ನು ಕೈ ತಾನಾಗಿಯೇ ಬರೆದುಬಿಟ್ಟಿತು. ಮನೆಗೆ ಬಂದು ನೋಡಿದರೆ ಆ ಎರಡೂ ಪುಟಗಳಲ್ಲಿ ನಾನೇ ಬಳಿದ ಹಳದಿ ಬಣ್ಣ ಎದ್ದು ಕಾಣುತ್ತಿತ್ತು.

ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ನಮ್ಮಿಂದ ರಾಗವಾಗಿ ಹೇಳಿಸಿದ ಮಗ್ಗಿ ಈಗಲೂ ನಿದ್ದೆಗಣ್ಣಿನಲ್ಲಿ ಕೇಳಿದರೂ ಬರುತ್ತದೆ. ಮೂರು ವಾರದ ಹಿಂದೆ ಓದಿದ್ದು ಬರುವುದಿಲ್ಲ. ಇದು ವಯಸ್ಸಿನ ದೋಷವೇ, ಓದುವ ಕ್ರಮದ ದೋಷವೇ ಎಂಬುದು ನನಗೆ ತಿಳಿಯಬೇಕಾಗಿದೆ. ಪರಿಚಿತ ಸ್ಥಳಗಳಲ್ಲಿ ವಿಷಯಗಳನ್ನು ಇಟ್ಟು ನೆನಪಿಡುವ ಪದ್ಧತಿಯ ಬಗ್ಗೆ ಕೇಳಿದ್ದೇನೆ. ಅದು ನಮ್ಮಂಥವರಿಗೆ ಪರೀಕ್ಷೆಯಲ್ಲಿ ನಿಜವಾಗಿ ಒದಗುತ್ತದೆಯೇ? ನಾನು ಯೋಚಿಸುವುದು ಕನ್ನಡದಲ್ಲಿ, ಉತ್ತರ ಬರೆಯುವುದು ಇಂಗ್ಲಿಷಿನಲ್ಲಿ; ಇದರಿಂದ ತೊಡಕಾಗುತ್ತದೆಯೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ – ಮಾಟುಂಗಾದಿಂದ, ನಿವೃತ್ತ ಶಿಕ್ಷಕ

ತಂಗೀ, ಮೊದಲು ವಯಸ್ಸಿನ ಚಿಂತೆಯನ್ನು ಬಿಡಿ. ಮಗ್ಗಿ ಉಳಿದದ್ದು ನೀವು ಚಿಕ್ಕವರಾಗಿದ್ದಿರಿ ಎಂಬ ಒಂದೇ ಕಾರಣಕ್ಕಲ್ಲ. ಅದನ್ನು ವರ್ಷಗಟ್ಟಲೆ, ದಿನವೂ, ಪುಸ್ತಕ ನೋಡದೆ, ಬಾಯಿಬಿಟ್ಟು ಹೇಳಿದ್ದೀರಿ. ಸಂವಿಧಾನದ ಪುಸ್ತಕವನ್ನು ನೀವು ಹಾಗೆ ಒಂದು ಸಲವೂ ಹೇಳಿಲ್ಲ, ಬರೀ ನೋಡಿದ್ದೀರಿ.

ನಾನು ಇಪ್ಪತ್ತಾರು ವರ್ಷ ಮುಂಬಯಿಯ ಒಂದು ಕನ್ನಡ ರಾತ್ರಿ ಶಾಲೆಯಲ್ಲಿ ಇತಿಹಾಸ ಕಲಿಸಿದವನು. ಊರಿನಿಂದ ಬಂದು ಹೋಟೆಲುಗಳಲ್ಲಿ ಹಗಲಿಡೀ ದುಡಿದು, ಸಂಜೆ ಪುಸ್ತಕ ಹಿಡಿದು ಬರುತ್ತಿದ್ದ ಹುಡುಗರು ನನ್ನ ವಿದ್ಯಾರ್ಥಿಗಳು. ಅವರಲ್ಲಿ ಒಬ್ಬ ಸಪ್ಲಾಯರ್ ಹುಡುಗನಿಗೆ ವಿಜಯನಗರದ ನಾಲ್ಕು ವಂಶಗಳ ಹೆಸರು ಎಷ್ಟು ಹೇಳಿದರೂ ನಿಲ್ಲುತ್ತಿರಲಿಲ್ಲ. ತನ್ನ ತಲೆಯೇ ಸರಿಯಿಲ್ಲ ಎಂದು ಅವನು ನಂಬಿಬಿಟ್ಟಿದ್ದ. ಒಂದು ದಿನ ಅವನ ಹೋಟೆಲಿಗೇ ಹೋಗಿ ಕುಳಿತೆ. ಆರು ಮೇಜು, ಹದಿನೇಳು ಗಿರಾಕಿಗಳು. ಒಂದು ಚೀಟಿಯನ್ನೂ ಬರೆದುಕೊಳ್ಳದೆ, ಯಾರಿಗೆ ಮಸಾಲೆ, ಯಾರಿಗೆ ಸೆಟ್ ದೋಸೆ, ಯಾರ ಕಾಫಿಗೆ ಸಕ್ಕರೆ ಬೇಡ ಎಂಬುದನ್ನೆಲ್ಲ ಒಂದೂ ತಪ್ಪದಂತೆ ತಂದಿಟ್ಟ. ಹೇಗೆ ನೆನಪಿರುತ್ತದೆ ಎಂದು ಕೇಳಿದರೆ, 'ಮೇಜು ನೋಡಿದರೆ ಗೊತ್ತಾಗುತ್ತದೆ ಸರ್' ಎಂದ. ಅಂದು ರಾತ್ರಿ ತರಗತಿಯಲ್ಲಿ ಅವನಿಂದ ಅದೇ ಮೇಜುಗಳನ್ನು ನೆನಪಿಸಿಕೊಳ್ಳುವಂತೆ ಮಾಡಿದೆ. ಬಾಗಿಲ ಬಳಿಯ ಮೇಜಿನಲ್ಲಿ ಹಕ್ಕ ಬುಕ್ಕ ಅಣ್ಣತಮ್ಮಂದಿರನ್ನು ಎದುರುಬದುರು ಕೂರಿಸಿ ಅದಕ್ಕೆ ಸಂಗಮ ಎಂದೆವು. ಕೈತೊಳೆಯುವ ಜಾಗದ ಪಕ್ಕದ್ದಕ್ಕೆ ಸಾಳುವ, ನಡುವಿನ ದೊಡ್ಡ ಮೇಜಿನಲ್ಲಿ ಕೃಷ್ಣದೇವರಾಯ ಕುಳಿತದ್ದರಿಂದ ಅದಕ್ಕೆ ತುಳುವ, ಗಲ್ಲಾದ ಎದುರಿನದಕ್ಕೆ ಅರವೀಡು. ಆ ನಾಲ್ಕು ಹೆಸರುಗಳು ಅವನಿಗೆ ಮತ್ತೆಂದೂ ತಪ್ಪಲಿಲ್ಲ.

ಈ ಪದ್ಧತಿಯ ಮೂಲಕಥೆಯೂ ಊಟದ ಪಂಕ್ತಿಯದೇ. ಸಿಮೊನಿಡೀಸ್ ಎಂಬ ಗ್ರೀಕ್ ಕವಿ ಒಂದು ಔತಣದಿಂದ ಎದ್ದು ಹೊರಗೆ ಬಂದಾಗ ಛಾವಣಿ ಕುಸಿದು ಒಳಗಿದ್ದವರು ಗುರುತು ಸಿಗದಷ್ಟು ಜಜ್ಜಿಹೋದರಂತೆ. ಯಾರು ಯಾವ ಜಾಗದಲ್ಲಿ ಕುಳಿತಿದ್ದರು ಎಂಬ ನೆನಪಿನಿಂದಲೇ ಅವನು ಒಬ್ಬೊಬ್ಬರನ್ನೂ ಗುರುತಿಸಿಕೊಟ್ಟನಂತೆ. ರೋಮಿನ ವಾಗ್ಮಿ ಸಿಸೆರೊ ಈ ಪ್ರಸಂಗವನ್ನು ಬರೆದಿಟ್ಟಿದ್ದಾನೆ. ಜಾಗವನ್ನು ನೆನಪಿಡಲು ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೆಸರುಗಳನ್ನೂ ಪಟ್ಟಿಗಳನ್ನೂ ಆ ಜಾಗಗಳಿಗೆ ಕಟ್ಟಿಹಾಕುವುದಷ್ಟೇ ಉಳಿದ ಕೆಲಸ.

ಇದನ್ನು 'ನೆನಪಿನ ಅರಮನೆ' ಎನ್ನುವುದುಂಟು, ಆದರೆ ನಿಮಗೆ ಅರಮನೆ ಹುಡುಕುವ ಅಗತ್ಯವೇ ಇಲ್ಲ. ಡೊಂಬಿವಲಿಯಿಂದ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ವರೆಗೆ ಸ್ಲೋ ಲೋಕಲ್ ನಿಲ್ಲುವ 24 ನಿಲ್ದಾಣಗಳು ನಿಮಗೆ ಹೇಗೂ ಬಾಯಿಪಾಠ. 51ಎ ವಿಧಿಯ 11 ಕರ್ತವ್ಯಗಳು ಡೊಂಬಿವಲಿಯಿಂದ ವಿಕ್ರೋಳಿಯವರೆಗೆ ಸರಿಯಾಗಿ ಕೂರುತ್ತವೆ. ನಾನು ನಿನ್ನೆ ರಾತ್ರಿ ಕೂರಿಸಿ ನೋಡಿದೆ.

ಡೊಂಬಿವಲಿಯ ಪ್ಲಾಟ್‌ಫಾರ್ಮಿನಲ್ಲಿ ರಾಷ್ಟ್ರಧ್ವಜ ಏರುತ್ತಿದೆ, ನೂಕುನುಗ್ಗಲಿನ ಜನವೆಲ್ಲ ರಾಷ್ಟ್ರಗೀತೆಗೆ ನಿಂತಿದ್ದಾರೆ ಎಂದುಕೊಳ್ಳಿ. ಸಂವಿಧಾನ, ಧ್ವಜ, ಗೀತೆಗಳಿಗೆ ಗೌರವ. ಕೋಪರ್‌ನಲ್ಲಿ ವಸಯಿ ಮಾರ್ಗದ ಮೇಲಿನ ನಿಲ್ದಾಣಕ್ಕೆ ಹತ್ತುವ ಮೆಟ್ಟಿಲಿನಲ್ಲಿ ಒಂದು ಚರಕ ತಿರುಗುತ್ತಿದೆ. ಸ್ವಾತಂತ್ರ್ಯ ಹೋರಾಟದ ಆದರ್ಶಗಳು. ದಿವಾ ಜಂಕ್ಷನ್ನಿನಲ್ಲಿ ಬೇರೆ ಬೇರೆ ದಿಕ್ಕಿನ ಹಳಿಗಳು ಬಂದು ಸೇರುತ್ತವೆ; ಅದು ದೇಶದ ಏಕತೆ, ಸಾರ್ವಭೌಮತೆ, ಅಖಂಡತೆ. ಮುಂಬ್ರಾದ ಗುಡ್ಡವನ್ನು ಕೋಟೆಗೋಡೆಯಾಗಿ ಕಂಡರೆ ಅದು ದೇಶರಕ್ಷಣೆ. ಕಳವಾ ನಿಲ್ದಾಣದ ಕಾರ್‌ಶೆಡ್ಡಿನಲ್ಲಿ ಎಲ್ಲ ಧರ್ಮ, ಭಾಷೆಗಳ ಜನ ಒಂದೇ ಡಬ್ಬಿಯಲ್ಲಿ ಕುಳಿತಿದ್ದಾರೆ, ಹೆಣ್ಣುಮಕ್ಕಳಿಗೆ ಮೊದಲು ಸೀಟು ಬಿಟ್ಟುಕೊಡುತ್ತಿದ್ದಾರೆ. ಸಹೋದರಭಾವ ಮತ್ತು ಸ್ತ್ರೀಯರ ಘನತೆ, ಎರಡೂ ಒಂದೇ ಖಂಡದಲ್ಲಿವೆ ಎಂಬುದನ್ನು ಮರೆಯಬೇಡಿ. ಠಾಣೆಗೆ ಚಿತ್ರ ಹೊಸೆಯಬೇಕಾಗಿಯೇ ಇಲ್ಲ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಹೊರಟ ಈ ದೇಶದ ಮೊದಲ ಪ್ರಯಾಣಿಕರ ರೈಲು ಬಂದು ನಿಂತದ್ದು ಅಲ್ಲಿಯೇ. ಹಾಗಾಗಿ ಅದು ಪರಂಪರೆಯ ರಕ್ಷಣೆ. ಮುಲುಂಡಿನ ಹಿಂದೆ ರಾಷ್ಟ್ರೀಯ ಉದ್ಯಾನದ ಬೆಟ್ಟಗಳಿವೆ. ಕಾಡು, ಕೆರೆ, ನದಿ, ವನ್ಯಜೀವಿಗಳು. ನಾಹೂರಿನ ಸೇತುವೆಯ ಮೇಲೆ ಒಂದು ದೂರದರ್ಶಕವನ್ನು ನಿಲ್ಲಿಸಿ, ವೈಜ್ಞಾನಿಕ ಮನೋಭಾವ. ಭಾಂಡುಪಿನಲ್ಲಿ ನಗರಕ್ಕೆಲ್ಲ ನೀರು ಶುದ್ಧೀಕರಿಸುವ ಪಾಲಿಕೆಯ ಸ್ಥಾವರವಿದೆ. ಅದಕ್ಕಿಂತ ದೊಡ್ಡ ಸಾರ್ವಜನಿಕ ಆಸ್ತಿ ಯಾವುದು? ಕಾಂಜುರಮಾರ್ಗದಲ್ಲಿ ಪೊವಾಯಿಯ ಐಐಟಿಗೆ ಹೋಗುವ ಹುಡುಗರು ಇಳಿಯುತ್ತಾರೆ, ಉತ್ಕೃಷ್ಟತೆಯ ಸಾಧನೆ. ವಿಕ್ರೋಳಿಯಲ್ಲಿ ಒಬ್ಬ ತಂದೆ ಮಗುವಿನ ಚೀಲ ಹೊತ್ತು ಶಾಲೆಗೆ ಓಡುತ್ತಿದ್ದಾನೆ. 6ರಿಂದ 14 ವರ್ಷದ ಮಕ್ಕಳ ಶಿಕ್ಷಣ. ಮೊದಲ ಹತ್ತು ಕರ್ತವ್ಯಗಳು 1976ರ 42ನೆಯ ತಿದ್ದುಪಡಿಯಲ್ಲಿ ಬಂದವು, ಈ ಕೊನೆಯದು 2002ರ 86ನೆಯ ತಿದ್ದುಪಡಿಯಲ್ಲಿ ಸೇರಿತು. ಆದ್ದರಿಂದ ಆ ತಂದೆ ತಡವಾಗಿ ಬಂದು ಓಡುವ ಲೋಕಲ್ ಹತ್ತುತ್ತಿದ್ದಾನೆ ಎಂದುಕೊಂಡರೆ ಅದೂ ಜೊತೆಗೆ ಉಳಿಯುತ್ತದೆ.

ಭಾಷೆಯ ವಿಚಾರ ಕೇಳಿದ್ದೀರಿ. ಚಿತ್ರಕ್ಕೆ ಭಾಷೆಯ ಹಂಗಿಲ್ಲ, ಕನ್ನಡದಲ್ಲಿಯೇ ಕಟ್ಟಿಕೊಳ್ಳಿ. ಆದರೆ ಪ್ರತಿ ನಿಲ್ದಾಣದಲ್ಲಿ ಚಿತ್ರ ಕಂಡ ಕೂಡಲೇ ಉತ್ತರಪತ್ರಿಕೆಯಲ್ಲಿ ಬರೆಯಬೇಕಾದ ಇಂಗ್ಲಿಷ್ ಮಾತನ್ನು ತುಟಿಯಲ್ಲಿ ಒಮ್ಮೆ ಹೇಳಿಕೊಳ್ಳಿ. ಆ ಅಭ್ಯಾಸವಿಲ್ಲದೆ ಹೋದರೆ ಚಿತ್ರ ಕಣ್ಣೆದುರಿಗಿದ್ದರೂ ಶಬ್ದಕ್ಕೆ ತಡಕಾಡುವಂತಾಗುತ್ತದೆ. ಈ ಪರೀಕ್ಷೆ ಮುಗಿಯುವವರೆಗೆ ಈ ಹನ್ನೊಂದು ನಿಲ್ದಾಣಗಳಲ್ಲಿ ಇನ್ನೊಂದು ಪಟ್ಟಿಯನ್ನು ಇಡಬೇಡಿ. ಬೇರೆ ಪಟ್ಟಿಗೆ ಘಾಟ್ಕೋಪರಿನಿಂದ ಮುಂದಿನ ದಾರಿಯಿದೆ, ನಿಮ್ಮ ಅಡುಗೆಮನೆಯಿದೆ.

ಉತ್ತರ – ಪುಣೆಯಿಂದ, ವಕೀಲ

ಅಕ್ಕ, ಮಾಸ್ತರರು ಪಟ್ಟಿಯ ವಿಚಾರವನ್ನು ಪೂರ್ತಿಯಾಗಿ ಹೇಳಿದ್ದಾರೆ. ನಾನು ಸೆಕ್ಷನ್ ಸಂಖ್ಯೆಗಳ ಬಗ್ಗೆ ಬರೆಯುತ್ತೇನೆ, ಏಕೆಂದರೆ 302 ಎಂದು ಬರೆದ ಕೈ ನಿಮ್ಮೊಬ್ಬರದೇ ಅಲ್ಲ. 2024ರ ಜುಲೈ 1ರಿಂದ ಹೊಸ ಸಂಹಿತೆ ಜಾರಿಗೆ ಬಂದಾಗ 511 ಸೆಕ್ಷನ್‌ಗಳ ಹಳೆಯ ಕಾಯಿದೆಯ ಜಾಗದಲ್ಲಿ 358 ಸೆಕ್ಷನ್‌ಗಳು ಬಂದವು, ಮತ್ತು ವರ್ಷಗಳಿಂದ ನ್ಯಾಯಾಲಯದಲ್ಲಿ ಓಡಾಡುತ್ತಿರುವ ನಮ್ಮ ನಾಲಿಗೆಯೂ ತಿಂಗಳುಗಟ್ಟಲೆ ತಪ್ಪುತ್ತಿತ್ತು. ಇದು ಮರೆವಲ್ಲ. ಗಟ್ಟಿಯಾದ ಹಳೆಯ ನೆನಪು ಹೊಸದರ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಅದರಲ್ಲೂ 303 ಎಂಬ ಸಂಖ್ಯೆ ಎರಡೂ ಕಡೆ ಇದೆ: ಹಳೆಯದರಲ್ಲಿ ಜೀವಾವಧಿ ಕೈದಿ ಮಾಡಿದ ಕೊಲೆಗೆ, ಹೊಸದರಲ್ಲಿ ಕಳವಿಗೆ. ಆದ್ದರಿಂದ '302 ಹೋಗಿ 103 ಬಂತು' ಎಂದು ಜೋಡಿಯಾಗಿ ಉರು ಹೊಡೆಯಬೇಡಿ. ಹಾಗೆ ಮಾಡಿದರೆ ಪ್ರತಿ ಸಲವೂ ಹಳೆಯದನ್ನೇ ಮೊದಲು ಎಬ್ಬಿಸಿದಂತಾಗುತ್ತದೆ. ಅಪರಾಧದಿಂದ ನೇರವಾಗಿ ಹೊಸ ಸಂಖ್ಯೆಗೆ ದಾರಿ ಮಾಡಿಕೊಳ್ಳಬೇಕು.

ಆ ದಾರಿಗೆ ನಾನು ಬಳಸಿದ್ದು ಅಕ್ಷರಗಳಿಗೆ ಅಂಕಿ ಕೊಡುವ, ನಮ್ಮದೇ ಆದ ಕಟಪಯಾದಿ ಪದ್ಧತಿ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಗೊತ್ತಿರುತ್ತದೆ. 72 ಮೇಳಕರ್ತ ರಾಗಗಳ ಹೆಸರಿನಲ್ಲಿಯೇ ಅವುಗಳ ಸಂಖ್ಯೆ ಅಡಗಿದೆ. ಕ, ಟ, ಪ, ಯ ಇವು ಒಂದು. ಖ, ಠ, ಫ, ರ ಎರಡು. ಗ, ಡ, ಬ, ಲ ಮೂರು. ಹೀಗೆ ಸಾಲಾಗಿ ಮುಂದುವರಿದು ಜ, ದ, ಹ ಎಂಟು ಆಗುತ್ತವೆ, ಞ ಮತ್ತು ನ ಸೊನ್ನೆ. ಸ್ವರಚಿಹ್ನೆಗಳಿಗೆ ಲೆಕ್ಕವಿಲ್ಲ. ಶಾಸ್ತ್ರದ ಪ್ರಕಾರ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಮಾಯಾಮಾಳವಗೌಳದ ಮಾ ಐದು, ಯಾ ಒಂದು, ತಿರುಗಿಸಿದರೆ 15ನೆಯ ಮೇಳ. ಪರೀಕ್ಷೆಯ ಗಡಿಬಿಡಿಯಲ್ಲಿ ಆ ತಿರುವು ಬೇಡವೆಂದು ನಾನು ಎಡದಿಂದ ಬಲಕ್ಕೇ ಇಟ್ಟುಕೊಂಡೆ. ಕೊಲೆಗೆ 'ಕೊನೆಗೆ': ಕ ಒಂದು, ನ ಸೊನ್ನೆ, ಗ ಮೂರು, ಅಂದರೆ 103. ಕಳ್ಳ ಹೋಗುವುದು 'ಬೋನಿಗೆ': 303. ವಂಚನೆಗೆ 'ಲೇಪದ': ಲ ಮೂರು, ಪ ಒಂದು, ದ ಎಂಟು, ಅಂದರೆ 318, ಚಿನ್ನದ ಲೇಪದ ಬಳೆಯನ್ನು ಅಪ್ಪಟ ಚಿನ್ನವೆಂದು ಮಾರುವ ಅಂಗಡಿಯವನನ್ನು ನಾನು ಕಣ್ಣೆದುರಿಗೆ ತಂದುಕೊಳ್ಳುತ್ತಿದ್ದೆ. ಶಬ್ದಗಳನ್ನು ನೀವೇ ಹುಡುಕಿ ಕಟ್ಟಿದರೆ ಒಳ್ಳೆಯದು, ಹುಡುಕುವ ಶ್ರಮದಲ್ಲೇ ಅರ್ಧ ನೆನಪು ಕೂತಿರುತ್ತದೆ. ಇದನ್ನು ಇಪ್ಪತ್ತು ಇಪ್ಪತ್ತೈದು ಮುಖ್ಯ ಸೆಕ್ಷನ್‌ಗಳಿಗೆ ಮೀಸಲಿಡಿ. 358ಕ್ಕೂ ಶಬ್ದ ಕಟ್ಟಲು ಹೊರಟರೆ ಶಬ್ದಗಳೇ ಒಂದರ ಮೇಲೊಂದು ಬೀಳುತ್ತವೆ.

ಆದರೆ ತೀರ್ಪುಗಳಿಗೆ ಈ ಯಾವ ತಂತ್ರವನ್ನೂ ಹಚ್ಚಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಅವುಗಳಿಗೆ ತಮ್ಮದೇ ಆದ ಕಥೆಯಿದೆ, ಒಂದರ ಕಾರಣದಿಂದ ಇನ್ನೊಂದು ಹುಟ್ಟುತ್ತದೆ. ಸಂಸತ್ತು ಮೂಲಭೂತ ಹಕ್ಕುಗಳನ್ನು ತಿದ್ದಬಹುದು ಎಂದು 1951ರಲ್ಲಿ ಶಂಕರಿ ಪ್ರಸಾದ್, 1964ರಲ್ಲಿ ಸಜ್ಜನ್ ಸಿಂಗ್ ಪ್ರಕರಣಗಳು ಹೇಳಿದವು. 1967ರಲ್ಲಿ ಗೋಲಕ್‌ನಾಥ್ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ 6–5ರಿಂದ ಅದನ್ನು ತಿರುಗಿಸಿತು. ಅದಕ್ಕೆ ಸಂಸತ್ತಿನ ಮರುಮಾತು 1971ರ 24ನೆಯ ತಿದ್ದುಪಡಿ. ಅದು ಸರಿಯೇ ಎಂಬ ಪ್ರಶ್ನೆ ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಮುಂದೆ ಬಂದು, 1973ರ ಏಪ್ರಿಲ್ 24ರಂದು 7–6ರಿಂದ ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಆದರೆ ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ ಎಂಬ ತತ್ತ್ವ ಹುಟ್ಟಿತು. ಆ ಪ್ರಕರಣದ ಕೇಶವಾನಂದ ಭಾರತಿಯವರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಅದೇ ತತ್ತ್ವವನ್ನು ಗಟ್ಟಿಗೊಳಿಸಿದ 1980ರ ಪ್ರಕರಣದ ಮಿನರ್ವ ಮಿಲ್ಸ್ ಬೆಂಗಳೂರಿನ ಬಟ್ಟೆ ಗಿರಣಿ. ರಾಷ್ಟ್ರಪತಿ ಆಳ್ವಿಕೆಯ 356ನೆಯ ವಿಧಿಯ ಬಗ್ಗೆ 1994ರಲ್ಲಿ ತೀರ್ಪು ಪಡೆದ ಎಸ್. ಆರ್. ಬೊಮ್ಮಾಯಿ ಕರ್ನಾಟಕದ ಮುಖ್ಯಮಂತ್ರಿಯಾಗಿದ್ದವರು. ಕನ್ನಡದ ನೆಲದಲ್ಲಿ ಬೇರಿರುವ ಇಷ್ಟು ಪ್ರಕರಣಗಳನ್ನು ನೀವು ಮನೆಯಲ್ಲಿ ಮಗನಿಗೆ ಒಂದು ಸಲ ಕಥೆಯಾಗಿ ಹೇಳಿದರೆ ಸಾಕು, ಯಾವ ಗೂಟಕ್ಕೂ ಕಟ್ಟದೆ ತಾವೇ ನಿಲ್ಲುತ್ತವೆ.

ಉತ್ತರ – ಮಡಗಾಂವ್‌ನಿಂದ

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ. ಆದರೂ ಒಂದು ಎಚ್ಚರಿಕೆ ಹೇಳದಿದ್ದರೆ ತಪ್ಪಾಗುತ್ತದೆ. ಕೆಲವು ವರ್ಷಗಳ ಹಿಂದೆ ಒಂದು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವಾಗ ನಾನು ಎರಡು ತಿಂಗಳು ಚಿತ್ರಗಳನ್ನು ಕಟ್ಟುವುದರಲ್ಲೇ ಕಳೆದೆ. ಮನೆಯ ಪ್ರತಿಯೊಂದು ಮೂಲೆಯಲ್ಲೂ ಏನಾದರೊಂದು ಇಟ್ಟಿದ್ದೆ. ಪುಸ್ತಕ ಮುಚ್ಚಿ ಉತ್ತರ ಬರೆಯುವ ಅಭ್ಯಾಸವನ್ನು ಮಾತ್ರ ಕೊನೆಯ ವಾರಕ್ಕೆಂದು ತಳ್ಳಿದ್ದೆ. ಪರೀಕ್ಷೆಯಲ್ಲಿ ಪಟ್ಟಿಗಳೆಲ್ಲ ಬಂದವು, ಆದರೆ ಅವುಗಳನ್ನು ಬಳಸಿ ಒಂದು ವಾದವನ್ನು ಕಟ್ಟಲು ಬರಲಿಲ್ಲ, ಸಮಯವೂ ಸಾಲಲಿಲ್ಲ. ಆ ಸಲ ನಾನು ತೇರ್ಗಡೆಯಾಗಲಿಲ್ಲ.

ಅಕ್ಕ, ನೀವು ಹಳದಿ ಬಣ್ಣದ ಬಗ್ಗೆ ಬರೆದದ್ದೇ ರೋಗದ ಮೂಲ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವಿದ್ಯಾರ್ಥಿಗಳ ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಒಮ್ಮೆ ಓದಿ ಪಾಠವನ್ನು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಕೇಳಿದಾಗ ಬರೆದು ನೋಡಿದವರು ಮುಂದೆ ಬಂದಿದ್ದರು. ರೈಲಿನಲ್ಲಿ ನಿಮಗೆ ಎಲ್ಲವೂ ಬಂದಂತೆ ಅನ್ನಿಸಿ, ಪರೀಕ್ಷೆಯಲ್ಲಿ ಬಾರದೆ ಹೋದದ್ದು ಇದೇ ಕಾರಣಕ್ಕೆ. ಕಣ್ಣಿಗೆ ಪರಿಚಯವಾದದ್ದನ್ನು ನಾವು ಕಲಿತದ್ದೆಂದು ತಿಳಿದುಬಿಡುತ್ತೇವೆ.

ಎರಡನೆಯ ಪ್ರಯತ್ನದಲ್ಲಿ ನಾನು ಗೇರುಬೀಜದ ಒಂದು ರಟ್ಟಿನ ಡಬ್ಬದಲ್ಲಿ ಐದು ಖಾನೆ ಮಾಡಿಕೊಂಡೆ. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ ವಿವರಿಸಿದ ಪದ್ಧತಿಯಿದು. ಚೀಟಿಯ ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ಸರಿಯಾಗಿ ಹೇಳಿದ ಚೀಟಿ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದ್ದು ಮೊದಲ ಖಾನೆಗೆ ಮರಳುತ್ತದೆ. ಮೊದಲ ಖಾನೆಯನ್ನು ದಿನವೂ ನೋಡಬೇಕು, ಮುಂದಿನವುಗಳನ್ನು ಹೆಚ್ಚು ಹೆಚ್ಚು ಅಂತರದಲ್ಲಿ ನೋಡಿದರೆ ಸಾಕು. 'ಗೋವಾ ವಿಧಾನಸಭೆಯ ಕನಿಷ್ಠ ಸದಸ್ಯ ಸಂಖ್ಯೆ ಎಷ್ಟು, ಅದನ್ನು ಹೇಳುವ ಸಂವಿಧಾನದ ವಿಧಿ ಯಾವುದು?' ಎಂಬ ಚೀಟಿ ನನ್ನನ್ನು ನಾಲ್ಕು ಸಲ ಮೊದಲ ಖಾನೆಗೆ ಎಳೆದು ತಂದಿತು. ಉತ್ತರ 371ಐ, ಕನಿಷ್ಠ 30. ಈಗಿನ ಸದನದಲ್ಲಿ 40 ಸ್ಥಾನಗಳಿರುವುದು ನನ್ನ ತಲೆಯಲ್ಲಿ ಕುಳಿತು ಪ್ರತಿ ಸಲವೂ ದಾರಿ ತಪ್ಪಿಸುತ್ತಿತ್ತು. ಎಲ್ಲಿ ತಪ್ಪುತ್ತೇನೆ ಎಂಬುದನ್ನು ಡಬ್ಬವೇ ತೋರಿಸಿಕೊಟ್ಟಿತು. ಬಣ್ಣ ಬಳಿದ ಪುಟದಿಂದ ಅದು ಎಂದೂ ತಿಳಿಯುತ್ತಿರಲಿಲ್ಲ. ನಿಲ್ದಾಣಗಳನ್ನು ಕಟ್ಟಿ, ಶಬ್ದಗಳನ್ನೂ ಕಟ್ಟಿ, ಆದರೆ ಅದಕ್ಕೆ ಒಂದು ಭಾನುವಾರ ಮಾತ್ರ ಕೊಡಿ. ಉಳಿದ ದಿನಗಳು ಖಾಲಿ ಹಾಳೆಗೆ ಸೇರಲಿ.

ಮರುಬರಹ – ಡೊಂಬಿವಲಿಯಿಂದ, ಹತ್ತು ದಿನಗಳ ನಂತರ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಮಾಸ್ತರರೇ, ನಿಲ್ದಾಣಗಳನ್ನು ನೀವು ಹೇಳಿದಂತೆಯೇ ಕಟ್ಟಿದೆ. ಈಗ ಪುಸ್ತಕವನ್ನು ಚೀಲದಲ್ಲಿಟ್ಟು, ರೈಲು ನಿಂತಲ್ಲೆಲ್ಲ ಆ ಕರ್ತವ್ಯವನ್ನು ಇಂಗ್ಲಿಷಿನಲ್ಲಿ ಹೇಳಿಕೊಳ್ಳುತ್ತೇನೆ. ಸಂಜೆ ಹಿಂತಿರುಗುವಾಗ ವಿಕ್ರೋಳಿಯಿಂದ ಕೆಳಗಿನಿಂದ ಮೇಲಕ್ಕೆ. ಮಡಗಾಂವ್‌ನ ಸಹೋದರಿ ಹೇಳಿದಂತೆ ಕಳೆದ ಭಾನುವಾರ ಖಾಲಿ ಹಾಳೆಯ ಮೇಲೆ ಬರೆದು ನೋಡಿದಾಗ ಒಂಬತ್ತು ಬಂದವು. ತಪ್ಪಿದ್ದು ಕೋಪರ್ ಮತ್ತು ನಾಹೂರ್. ಆ ಎರಡು ಕಡೆ ಚರಕ, ದೂರದರ್ಶಕಗಳು ನನ್ನ ಕಣ್ಣಿಗೆ ಕಟ್ಟುತ್ತಲೇ ಇಲ್ಲ, ಏಕೆಂದರೆ ಅಲ್ಲಿ ನಾನು ಎಂದೂ ಇಳಿದವಳಲ್ಲ. ಏನು ಮಾಡಲಿ?

103ನ್ನು ಕೇಳಿದರೆ ಈಗ 302 ಎದ್ದು ಬರುವುದಿಲ್ಲ. 'ಲೇಪದ' ಎಂಬ ಶಬ್ದವನ್ನು ಮಗನಿಗೆ ಹೇಳಿಕೊಡುವಾಗ, ನನ್ನ ಮದುವೆಯ ವರ್ಷ ನಮ್ಮ ಅತ್ತೆ ಮೋಸಹೋದ ಒಂದು ಬಳೆಯ ಕಥೆಯನ್ನೂ ಹೇಳಿದೆ.

ಉತ್ತರ – ಮಾಟುಂಗಾದಿಂದ

ತಂಗೀ, ನನ್ನ ಚಿತ್ರಗಳು ನನಗೆ ಸರಿ, ನಿಮಗೆ ಹೊಂದದಿದ್ದರೆ ಕಿತ್ತುಹಾಕಿ. ಒಂದು ದಿನ ಐದು ನಿಮಿಷ ಬೇಗ ಹೊರಟು ಕೋಪರ್‌ನಲ್ಲಿ ಇಳಿದು, ಆ ಮೆಟ್ಟಿಲನ್ನು ನಿಮ್ಮ ಕಾಲಿನಿಂದಲೇ ಹತ್ತಿ ಮೇಲಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿ. ಮುಂದಿನ ಲೋಕಲ್‌ಗೆ ಮರಳಿ ಹತ್ತಿ. ನಾಹೂರಿನಲ್ಲಿ ದೂರದರ್ಶಕದ ಬದಲು ನಿಮ್ಮ ಮಗನನ್ನೇ ನಿಲ್ಲಿಸಿ, 'ಇದಕ್ಕೆ ಆಧಾರ ಏನು?' ಎಂದು ಅವನು ನಿಮ್ಮನ್ನು ಕೇಳುತ್ತಿರಲಿ. ಬರುವ ಭಾನುವಾರ ಮತ್ತೆ ಬರೆದು, ಎಷ್ಟು ಬಂದವೆಂದು ತಿಳಿಸಿ.